ಸಂಬಳ ಇಲ್ಲ, ಕೇಸಿಗೆ 20 ಸಾವಿರ: ಈ ಕೆಲಸಕ್ಕೆ ಸೇರಲಾ ಸರ್?

ಪ್ರಶ್ನೆ: ನಾನು ಬಿ.ಕಾಂ. ಓದಿದ್ದೇನೆ, ವಯಸ್ಸು 29. ತವರು ಕುಂದಾಪುರ ಕಡೆಯ ಸಿದ್ದಾಪುರದ ಹತ್ತಿರ, ಗಂಡನ ಮನೆ ಬ್ರಹ್ಮಾವರದ ಕಡೆ. ಉಡುಪಿಯ ಒಂದು ಆಡಿಟರ್ ಆಫೀಸಿನಲ್ಲಿ 6 ವರ್ಷದಿಂದ ಇದ್ದೇನೆ, ಕೈಗೆ 19 ಸಾವಿರ ಸಿಗುತ್ತದೆ. ಸಣ್ಣ ಆಹಾರ ಘಟಕಗಳಿಗೆ ಸಾಲ, ಸಬ್ಸಿಡಿ ಕೊಡುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಆಗಬಹುದು ಎಂದು ಪರಿಚಯದವರು ಹೇಳಿದ್ದಾರೆ. ಹಪ್ಪಳ, ಎಣ್ಣೆ, ಮಸಾಲೆ ಪುಡಿ ಮಾಡುವವರಿಗೆ ಅರ್ಜಿ ಹಾಕಿಸಿ, ಬ್ಯಾಂಕ್ ಸಾಲ ಆಗುವ ತನಕ ಜೊತೆಗಿರುವ ಕೆಲಸ. ಸಂಬಳ ಇಲ್ಲ, ಸಾಲ ಮಂಜೂರಾದರೆ ಕೇಸಿಗೆ 20 ಸಾವಿರ. ಒಬ್ಬರು 'ತಿಂಗಳಿಗೆ ಐದು ಕೇಸ್ ಮಾಡಿದರೆ ಲಕ್ಷ' ಅನ್ನುತ್ತಾರೆ. ಇನ್ನೊಬ್ಬರು 'ಪೆಟ್ರೋಲಿಗೂ ಹುಟ್ಟುವುದಿಲ್ಲ' ಅನ್ನುತ್ತಾರೆ. ಮಾವ 'ಊರವರಿಗೆ ಸಾಲ ಮಾಡಿಸಿ ಬೈಸಿಕೊಳ್ಳುವುದು ಎಂತಕ್ಕಮ್ಮ' ಎಂದು ಕೇಳುತ್ತಾರೆ. ನನಗೆ ಕೃಷಿ ಓದಿ ಗೊತ್ತಿಲ್ಲ, ತುಳು ಅರ್ಧಂಬರ್ಧ. ಯಾರಾದರೂ ಸಾಲ ಕಟ್ಟದಿದ್ದರೆ ನನ್ನ ಕುತ್ತಿಗೆಗೆ ಬರುತ್ತದಾ? ನಾಲ್ಕು ವರ್ಷದ ಮಗಳಿದ್ದಾಳೆ. ಇರುವ ಕೆಲಸ ಬಿಡಬಹುದಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಕೇಳಿದ್ದು ದುಡ್ಡಿನ ಬಗ್ಗೆ. ಆದರೆ ನಾಟಿರುವುದು ಮಾವನವರ ಮಾತು ಅಂತ ಕಾಣುತ್ತದೆ. ಅವರು ಸುಮ್ನೆ ಹೇಳಿದ್ದಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ನಾನು 11 ವರ್ಷ ಬ್ಯಾಂಕಿನಲ್ಲಿ ಫೀಲ್ಡ್ ಆಫೀಸರ್ ಆಗಿದ್ದೆ. ಅಲ್ಲಿಂದ ಹೊರಬಿದ್ದು 14 ವರ್ಷ ಆಯಿತು. ಈಗ ಸಣ್ಣ ಉದ್ದಿಮೆ ಮಾಡುವವರಿಗೆ ತರಬೇತಿ ಕೊಡುವುದು, ಅವರ ಪ್ರಾಜೆಕ್ಟ್ ರಿಪೋರ್ಟ್ ತಿದ್ದುವುದು ನನ್ನ ಕೆಲಸ. ಮ್ಯಾನೇಜರ್ ಮೇಜಿನ ಆ ಕಡೆಯೂ ಕೂತಿದ್ದೇನೆ, ಈ ಕಡೆಯ ಬೆಂಚಿನಲ್ಲೂ ಕಾದಿದ್ದೇನೆ.

ಮೊದಲು ದುಡ್ಡು. 20 ಸಾವಿರ ಹೌದು, ಆದರೆ ಒಂದೇ ಸಲ ಅಲ್ಲ. ಸಾಲ ಮಂಜೂರಾದಾಗ ಅರ್ಧ. ಉಳಿದರ್ಧ ಆ ಘಟಕದ ಉದ್ಯಮ್ (ಸಣ್ಣ ಉದ್ದಿಮೆಯ ನೋಂದಣಿ), ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ಕೆಲಸ ಮತ್ತು ಮಾಲೀಕರ ತರಬೇತಿ ಆದ ಮೇಲೆ. ಇನ್ನು ಕೇಸ್ ಹೇಗೆ ಹುಟ್ಟುತ್ತದೆ ನೋಡಿ. ಹತ್ತು ಮಂದಿ ಫೋನ್ ಮಾಡುತ್ತಾರೆ. ಆರು ಮಂದಿ 'ಸಬ್ಸಿಡಿ ಎಷ್ಟು ಮೇಡಂ' ಎಂದು ಕೇಳಿ ಇಡುತ್ತಾರೆ. ನಾಲ್ಕು ಮನೆಗೆ ಹೋಗುತ್ತೀರಿ. ಎರಡರ ಕಾಗದ ಸರಿ ಇರುತ್ತದೆ. ಒಂದು ಮಂಜೂರಾಗುತ್ತದೆ. ಆ ಒಂದಕ್ಕೆ ಎರಡರಿಂದ ನಾಲ್ಕು ತಿಂಗಳು.

ನಾನು ಕಂಡ ಚುರುಕಿನವರು ಕೂಡ ಮೊದಲ ವರ್ಷ ಏಳೆಂಟು ಕೇಸ್ ಮುಗಿಸಿದ್ದಾರೆ. ಎಂಟು ಅಂತ ಇಟ್ಟುಕೊಳ್ಳಿ, ಪೂರ್ತಿ ಬಂದರೆ 1 ಲಕ್ಷ 60 ಸಾವಿರ. ಸ್ಕೂಟರಿನ ಪೆಟ್ರೋಲು, ಫೋನು, ಜೆರಾಕ್ಸ್ ಸೇರಿ ತಿಂಗಳಿಗೆ 3,500 ಹಿಡಿದರೂ ವರ್ಷಕ್ಕೆ 42 ಸಾವಿರ. ಉಳಿಯುವುದು 1 ಲಕ್ಷ 18 ಸಾವಿರ. ನಿಮಗೆ ಈಗ ವರ್ಷಕ್ಕೆ 2 ಲಕ್ಷ 28 ಸಾವಿರ ಬರುತ್ತಿದೆ. ಎರಡನೇ ವರ್ಷ 14 ಕೇಸಿಗೆ ಮುಟ್ಟಿದರೆ ಈಗಿನ ಸಂಬಳಕ್ಕೆ ಸರಿಸಾಟಿ. ಹಾಗಾಗಿ ಲಕ್ಷ ಅಂದವರದ್ದೂ ಸುಳ್ಳು, ಪೆಟ್ರೋಲಿಗೂ ಹುಟ್ಟುವುದಿಲ್ಲ ಅಂದವರದ್ದೂ ಸುಳ್ಳು. ಆದರೆ ಎರಡನೆಯವರು ಬಹುಶಃ ಮೊದಲ ಐದು ತಿಂಗಳಿಗೇ ಬಿಟ್ಟವರು. ಆ ಐದು ತಿಂಗಳಲ್ಲಿ ನಿಜಕ್ಕೂ ಏನೂ ಹುಟ್ಟುವುದಿಲ್ಲ.

ಇನ್ನೊಂದು ವಿಷಯ. ಯೋಜನೆ ಅಂದಮೇಲೆ ಅದಕ್ಕೊಂದು ಕೊನೆ ಇದೆ. ಇದು 2020ರಲ್ಲಿ ಐದು ವರ್ಷಕ್ಕೆ ಅಂತ ಬಂತು, ಆಮೇಲೆ 2025-26ರ ತನಕ ಎಳೆದರು. ಇಂಥವು ಕೆಲವೊಮ್ಮೆ ಮುಂದುವರಿಯುತ್ತವೆ, ಕೆಲವೊಮ್ಮೆ ಬೇರೆ ಹೆಸರಿನಲ್ಲಿ ಬರುತ್ತವೆ, ಕೆಲವೊಮ್ಮೆ ಸದ್ದಿಲ್ಲದೆ ನಿಲ್ಲುತ್ತವೆ. ನಿಮ್ಮ ನೇಮಕ ಯಾವ ತಾರೀಕಿನ ತನಕ, ಅಷ್ಟರೊಳಗೆ ಹಾಕಿದ ಅರ್ಜಿ ಆಮೇಲೆ ಮಂಜೂರಾದರೆ ದುಡ್ಡು ಬರುತ್ತದಾ ಎಂದು ಸೇರುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ 'ಬರ್ತದೆ ಬರ್ತದೆ' ಅಂದರೆ ನಂಬಬೇಡಿ.

ಈಗ ಮಾವನವರ ಮಾತಿಗೆ ಬರೋಣ. ಸಾಲ ಮಾಡಿಸಿ ಬೈಸಿಕೊಳ್ಳುವುದು ಯಾಕೆ ಆಗುತ್ತದೆ? ಈ ಕೆಲಸದಲ್ಲಿ ಒಂದು ಕೊಕ್ಕೆ ಇದೆ. ನಿಮಗೆ ದುಡ್ಡು ಬರುವುದು ಸಾಲ ಆದರೆ. ಊರಿಗೆ ನಿಮ್ಮಿಂದ ಉಪಕಾರ ಆಗುವುದು ಎಷ್ಟೋ ಸಲ ಸಾಲ ಬೇಡ ಅಂದರೆ. ಈ ಎರಡರ ನಡುವೆ ಸಿಕ್ಕಿಕೊಂಡವರೇ ಬೈಸಿಕೊಳ್ಳುವವರು.

ಒಂದು ಮನೆಯ ಕಥೆ ಹೇಳುತ್ತೇನೆ. ಕಾರ್ಕಳ ಕಡೆಯ ಹಳ್ಳಿ, ಹೆಸರು ಬೇಡ. ಅತ್ತೆ, ಸೊಸೆ, ಪಕ್ಕದ ಮನೆಯವರೊಬ್ಬರು, ಮೂರು ಜನ ಸೇರಿ ಹಲಸಿನಕಾಯಿ ಹಪ್ಪಳ ಮಾಡುತ್ತಿದ್ದರು. ಚೆನ್ನಾಗಿ ಮಾರಾಟ ಆಗುತ್ತಿತ್ತು. ಮಿಷನ್ ಮಾರುವವರೊಬ್ಬರು 10 ಲಕ್ಷದ ಕೊಟೇಶನ್ ಕೊಟ್ಟು ಹೋಗಿದ್ದರು: ಡ್ರೈಯರ್, ಗ್ರೈಂಡರ್, ಪ್ಯಾಕಿಂಗ್ ಮಿಷನ್, ಎಲ್ಲ. 'ಅರ್ಧ ಸರಕಾರ ಕೊಡುತ್ತದೆ' ಎಂದು ಅವರೇ ಹೇಳಿದ್ದರು. ನಾನು ಹೋದಾಗ ಅಂಗಳದಲ್ಲಿ ಹಳೆ ಸೀರೆ ಹಾಸಿ ಹಪ್ಪಳ ಹರಡಿದ್ದರು. ಅತ್ತೆ ಕೋಲು ಹಿಡಿದು ಕಾಗೆ ಓಡಿಸುತ್ತಿದ್ದರು. ಸೊಸೆ ಒಂದು ನೋಟ್‌ಬುಕ್ ತಂದರು. ಅದರಲ್ಲಿ ಮಾರಿದ ಲೆಕ್ಕ ಪಕ್ಕಾ ಇತ್ತು. ನೂರು ಹಪ್ಪಳದ ಕಟ್ಟಿಗೆ ಅಂಗಡಿಯವರು 280 ಕೊಡುತ್ತಾರೆ. ಮೆಣಸು, ಕೊತ್ತಂಬರಿ, ಉಪ್ಪು, ಪ್ಲಾಸ್ಟಿಕ್ ಕೊಟ್ಟೆ (ಚೀಲ), ಕಾಯಿ ಕೊಯ್ಯುವವನ ಕೂಲಿ ಸೇರಿ ನೂರಕ್ಕೆ 70. 'ಉಳಿದ 210 ಲಾಭ ಅಲ್ವಾ ಸರ್?' ಎಂದು ಕೇಳಿದರು.

ದಿನಕ್ಕೆ ಎಷ್ಟು ಹಪ್ಪಳ ಆಗುತ್ತದೆ ಎಂದೆ. ಬೆಳಿಗ್ಗೆಯಿಂದ ಸಂಜೆ ತನಕ ಮೂವರು ಕೂತರೆ 400. ಹಲಸಿನ ಸೊಳೆ (ತೊಳೆ) ಬಿಡಿಸಬೇಕು, ಬೇಯಿಸಬೇಕು, ರುಬ್ಬಬೇಕು, ಉಂಡೆ ಕಟ್ಟಿ ಒತ್ತಬೇಕು. ಇದೇ ಮೂವರು ಬೇರೆ ಕಡೆ ಕೆಲಸಕ್ಕೆ ಹೋದರೆ ತಲೆಗೆ 450 ಸಿಗುತ್ತಿತ್ತು. ಅಂದರೆ ದಿನಕ್ಕೆ 1,350. ಅದನ್ನು 400 ಹಪ್ಪಳಕ್ಕೆ ಹಂಚಿದರೆ ನೂರಕ್ಕೆ 337. ಸಾಮಾನಿನ 70 ಸೇರಿಸಿ, 407. ಮಾರುವುದು 280ಕ್ಕೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಆಕೆಯೇ ಗುಣಿಸಿ, ಭಾಗಿಸಿ ನೋಡಿದರು. ಮತ್ತೊಮ್ಮೆ ನೋಡಿದರು. ಅತ್ತೆಯನ್ನು ಕರೆದು 'ಅತ್ತೆ, ನಿಮ್ಮ ಕೂಲಿ ನಾವು ಹಿಡಿದೇ ಇಲ್ಲ' ಎಂದರು. ಅತ್ತೆ 'ನನಗೆಂತ ಕೂಲಿ' ಅಂತ ನಕ್ಕರು.

ಕೈಯಿಂದ ಒಂದು ಲಕ್ಷ ಹಾಕಿಸಿ ಆ ಮನೆಗೆ 9 ಲಕ್ಷ ಸಾಲ ಕೊಡಿಸಿದ್ದರೆ ಏನಾಗುತ್ತಿತ್ತು? ಶೇ. 11ರ ಬಡ್ಡಿಗೆ, ಐದು ವರ್ಷಕ್ಕೆ, ತಿಂಗಳ ಕಂತು ಸುಮಾರು 19,500. ಸಬ್ಸಿಡಿ 5 ಲಕ್ಷ ಬಂದು 4 ಲಕ್ಷಕ್ಕೆ ಮಾತ್ರ ಕಂತು ಅಂತ ಹಿಡಿದರೂ 8,700. ಹಲಸಿನಕಾಯಿ ಹಪ್ಪಳಕ್ಕೆ ಬಲಿತ ಕಾಯಿ ಸಿಗುವುದೇ ವರ್ಷಕ್ಕೆ ಎರಡು-ಎರಡೂವರೆ ತಿಂಗಳು. ಡ್ರೈಯರ್ ಮಳೆಯನ್ನು ಗೆಲ್ಲಬಹುದು, ಆದರೆ ಆಷಾಢದಲ್ಲಿ ಮರದಲ್ಲಿ ಕಾಯಿ ಬಿಡಿಸುವುದಿಲ್ಲ. ಕಂತು ಮಾತ್ರ ಹನ್ನೆರಡು ತಿಂಗಳೂ ಬರುತ್ತದೆ.

ನಾವು ಮಾಡಿದ್ದು ಇಷ್ಟು. ಒಂದು ಟಿಲ್ಟಿಂಗ್ ಗ್ರೈಂಡರ್, ಒಂದು ಕೈಯಲ್ಲಿ ಒತ್ತುವ ಪ್ರೆಸ್, ಅವರ ಸ್ವಸಹಾಯ ಸಂಘದ ಒಳಸಾಲದಲ್ಲಿ. ದಿನಕ್ಕೆ 700 ಆಗತೊಡಗಿತು. ಕೂಲಿ ನೂರಕ್ಕೆ 193ಕ್ಕೆ ಇಳಿಯಿತು, ಸಾಮಾನು ಸೇರಿ 263. ಅಂಗಡಿಗೆ ಕೊಡುವುದು ಕಡಿಮೆ ಮಾಡಿ ಮದುವೆ ಮನೆಗಳಿಗೆ, ಮುಂಬೈಗೆ ಹೋಗುವವರಿಗೆ ನೇರ ಕೊಟ್ಟರು, 350ಕ್ಕೆ. ಕೂಲಿ ಕೈಗೆ ಬಂದು ಮೇಲೆ ದಿನಕ್ಕೆ 600 ಉಳಿಯಿತು. 60 ದಿನದ ಸೀಸನ್ನಿಗೆ 36 ಸಾವಿರ. ದೊಡ್ಡ ಮೊತ್ತ ಅಲ್ಲ. ಆದರೆ ಅದು ಸಾಲ ಇಲ್ಲದ 36 ಸಾವಿರ. ಮುಂದೆ ಮಾವಿನ ಹಣ್ಣಿನ ಮಾಂಬಳ, ಅಕ್ಕಿ ಸಂಡಿಗೆ ಎಂದು ಕೆಲಸದ ದಿನ ಹೆಚ್ಚಿದ ಮೇಲೆ ಅವರೇ ಸಾಲ ಬೇಕೆಂದು ಬಂದರು. ಆಗ ಮಂಜೂರಾಗಲು ಕಷ್ಟ ಆಗಲಿಲ್ಲ, ಎರಡು ವರ್ಷದ ಲೆಕ್ಕ ಕೈಯಲ್ಲಿತ್ತು.

ನೀವು ಆಗ ಸಂಪನ್ಮೂಲ ವ್ಯಕ್ತಿ ಆಗಿದ್ದರೆ ಆ ಮೊದಲ ವರ್ಷ ಆ ಮನೆಯಿಂದ ನಿಮಗೆ ಸಿಗುತ್ತಿದ್ದದ್ದು ಒಂದು ಲೋಟ ಕಷಾಯ. ಇದನ್ನು ನುಂಗಿಕೊಳ್ಳಲು ಆಗುತ್ತದಾ ಎಂಬುದೇ ನಿಮಗೆ ನನ್ನ ಮುಖ್ಯ ಪ್ರಶ್ನೆ. ಆಗುತ್ತದೆ ಅಂದರೆ ಮುಂದಿನದು ಓದಿ.

ಸಬ್ಸಿಡಿ ಬಗ್ಗೆ ಜನರ ತಲೆಯಲ್ಲಿ ಇರುವ ತಪ್ಪು ಕಲ್ಪನೆ ಬಿಡಿಸುವುದು ನಿಮ್ಮ ಮೊದಲ ಕೆಲಸವಾಗುತ್ತದೆ. ಕೇಂದ್ರದ್ದು ಯೋಜನಾ ವೆಚ್ಚದ ಶೇ. 35, ಹೆಚ್ಚೆಂದರೆ 10 ಲಕ್ಷ. ನಮ್ಮ ರಾಜ್ಯ ಇನ್ನೂ ಶೇ. 15 ಸೇರಿಸಿ ಶೇ. 50, ಗರಿಷ್ಠ 15 ಲಕ್ಷದ ತನಕ ಮಾಡಿದೆ. ಇದು ಕೈಗೆ ಬರುವ ದುಡ್ಡಲ್ಲ. ಸಾಲದ ಖಾತೆಯ ಪಕ್ಕದಲ್ಲೇ ಬ್ಯಾಂಕಿನಲ್ಲಿ ಇನ್ನೊಂದು ಖಾತೆಯಲ್ಲಿ ಕೂತಿರುತ್ತದೆ. ಅಲ್ಲಿಗೆ ಬಂದ ಮೇಲೆ ಅಷ್ಟು ಮೊತ್ತಕ್ಕೆ ಬಡ್ಡಿ ಇಲ್ಲ. ಮೂರು ವರ್ಷ ಆದ ಮೇಲೆ ಘಟಕ ನಡೆಯುತ್ತಿದ್ದು ಸಾಲವೂ ಸರಿ ಇದ್ದರೆ ಮಾತ್ರ ಸಾಲಕ್ಕೆ ಜಮೆ. ನಡುವೆ ಬಾಗಿಲು ಹಾಕಿದರೆ ಸಬ್ಸಿಡಿಯೂ ಹೋಯಿತು. ಜಾಗದ ಬೆಲೆ ಇದರಲ್ಲಿ ಸೇರುವುದಿಲ್ಲ. ಕಟ್ಟಡಕ್ಕೆ ಮಿತಿ ಇದೆ. ಕೈಯಿಂದ ಕನಿಷ್ಠ ಶೇ. 10 ಹಾಕಲೇಬೇಕು. ಇದನ್ನೆಲ್ಲ ಮೊದಲ ಭೇಟಿಯಲ್ಲೇ ಹೇಳಿದರೆ ಅರ್ಧ ಮಂದಿ ಹಿಂದೆ ಸರಿಯುತ್ತಾರೆ. ಸರಿಯಲಿ. ಉಳಿದ ಅರ್ಧದಲ್ಲಿ ನಿಮ್ಮ ಕೇಸ್ ಇದೆ.

ಸಾಲ ಕಟ್ಟದಿದ್ದರೆ ನಿಮ್ಮ ಕುತ್ತಿಗೆಗೆ ಬರುತ್ತದಾ? ಕಾನೂನಿನಲ್ಲಿ ಇಲ್ಲ, ನೀವು ಜಾಮೀನು ಹಾಕದಿದ್ದರೆ. ಹಾಕಲೇಬೇಡಿ. ಸಾಕ್ಷಿ ಸಹಿಯೂ ಬೇಡ. ಯಾರ ಒರಿಜಿನಲ್ ಕಾಗದವನ್ನೂ ಮನೆಗೆ ತರಬೇಡಿ. ಅವರ ಒಟಿಪಿ ನಿಮ್ಮ ಫೋನಿಗೆ ಬರುವ ಹಾಗೆ ನಂಬರ್ ಕೊಡಬೇಡಿ. ಅರ್ಜಿ ಹಾಕುವಾಗ ಬೇಗ ಆಗಲಿ ಎಂದು ಎಷ್ಟೋ ಮಂದಿ ಹಾಗೆ ಮಾಡುತ್ತಾರೆ. ಎರಡು ವರ್ಷ ಆದ ಮೇಲೆ ಬ್ಯಾಂಕಿನ ರಿಕವರಿ ಫೋನ್ ಹಾಗೆ ನಂಬರ್ ಕೊಟ್ಟವರಿಗೇ ಬರುತ್ತದೆ.

ಆದರೆ ಕಾನೂನಿನ ಕುತ್ತಿಗೆ ಬೇರೆ, ಊರಿನ ಕುತ್ತಿಗೆ ಬೇರೆ. ನಾನೂ ಒಂದು ಸಲ ಸಿಕ್ಕಿಬಿದ್ದಿದ್ದೇನೆ. ತೆಂಗಿನೆಣ್ಣೆ ಗಾಣಕ್ಕೆ ಒಬ್ಬರ ರಿಪೋರ್ಟ್ ಮಾಡಿಸಿದ್ದೆ. ಒಳ್ಳೆ ಮನುಷ್ಯ, ತೋಟ ಇತ್ತು, ಗಿರಾಕಿ ಇದ್ದರು. ಲೆಕ್ಕ ಎಲ್ಲ ಸರಿ ಹಾಕಿದ್ದೆವು. 100 ಕಾಯಿಗೆ ಸುಮಾರು 15 ಕೆ.ಜಿ. ಕೊಬ್ಬರಿ, ಅದರಿಂದ 9 ಕೆ.ಜಿ. ಚಿಲ್ಲರೆ ಎಣ್ಣೆ, ಹಿಂಡಿ ಹಸುವಿಗೆ. ಸಾಲ ಆಯಿತು, ಮಿಷನ್ ಬಂತು. ಮೋಟಾರಿಗೆ ತ್ರೀ ಫೇಸ್ ಬೇಕು. ಮನೆಯಲ್ಲಿದ್ದದ್ದು ಸಿಂಗಲ್ ಫೇಸ್. ಹತ್ತಿರದ ಟ್ರಾನ್ಸ್‌ಫಾರ್ಮರಿಗೆ ಇನ್ನು ತಾಳುವ ಶಕ್ತಿ ಇರಲಿಲ್ಲ. ಹೊಸ ಲೈನಿಗೆ ಎಸ್ಟಿಮೇಟ್ ಆಗಿ, ದುಡ್ಡು ಕಟ್ಟಿ, ನಡುವೆ ಮಳೆಗಾಲ ಬಂದು, ಏಳು ತಿಂಗಳು ಮಿಷನ್ ಪ್ಲಾಸ್ಟಿಕ್ ಕವರಿನಲ್ಲೇ ಕೂತಿತ್ತು. ಕಂತು ಶುರುವಾಗಿತ್ತು. ನಾನು ಅವರ ಮನೆಗೆ ಮೂರು ಸಲ ಹೋಗಿದ್ದೆ. ಮೂರು ಸಲವೂ ಮೀಟರ್ ಬೋರ್ಡಿನ ಕೆಳಗೇ ಚಪ್ಪಲಿ ಬಿಟ್ಟಿದ್ದೆ, ತಲೆ ಎತ್ತಿ ನೋಡಿರಲಿಲ್ಲ. ಈಗಲೂ ಆ ಮನುಷ್ಯ ಸಿಕ್ಕಿದರೆ ಚೆನ್ನಾಗಿಯೇ ಮಾತಾಡುತ್ತಾರೆ. ಅವರ ಹೆಂಡತಿ ಮಾತಾಡುವುದಿಲ್ಲ. ಅಂದಿನಿಂದ ಯಾವ ಮನೆಗೆ ಹೋದರೂ ಮೊದಲು ನೋಡುವುದು ಮೀಟರ್, ಆಮೇಲೆ ಬಾವಿ, ಆಮೇಲೆ ಲಾರಿ ಬರುವ ದಾರಿ.

ಇನ್ನು ಕಾಗದ. ನಮ್ಮ ಕರಾವಳಿಯಲ್ಲಿ ಅರ್ಧ ಕೇಸ್ ಸಾಯುವುದು ಇಲ್ಲೇ. ಪಹಣಿಯಲ್ಲಿ ಹನ್ನೊಂದು ಹೆಸರು ಇರುತ್ತದೆ. ಮೂವರು ಮುಂಬೈಯಲ್ಲಿ, ಒಬ್ಬರು ಗಲ್ಫಿನಲ್ಲಿ, ಇಬ್ಬರು ತೀರಿಹೋಗಿ ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಆಗಿಲ್ಲ. ಮನೆಯವರಿಗೆ ಅದು ತಮ್ಮದೇ ಜಾಗ, ಮೂರು ತಲೆಮಾರಿನಿಂದ ಇದ್ದಾರೆ. ಬ್ಯಾಂಕಿಗೆ ಅದು ಹನ್ನೊಂದು ಸಹಿ. ಶೆಡ್ಡು ಕುಮ್ಕಿಯಲ್ಲಿ ಇದ್ದರೆ ಇನ್ನೂ ಕಷ್ಟ. ವರ್ಗ ಜಾಗಕ್ಕೆ, ಅಂದರೆ ಸ್ವಂತ ಪಟ್ಟಾ ಜಾಗಕ್ಕೆ, ತಾಗಿದ ಕುಮ್ಕಿಯನ್ನು ಅನುಭವಿಸುವ ಸೌಲಭ್ಯ ಇದೆ, ಆದರೆ ಅದು ಸರಕಾರಿ ಜಾಗ, ಅಡಮಾನಕ್ಕೆ ಬರುವುದಿಲ್ಲ. ಪಂಚಾಯತಿನ ಕಾಗದ ಯಾರ ಹೆಸರಿನಲ್ಲಿದೆ ನೋಡಿ, ಕರೆಂಟ್ ಬಿಲ್ ಯಾರ ಹೆಸರಿನಲ್ಲಿದೆ ನೋಡಿ. ಅಜ್ಜನ ಹೆಸರಿನಲ್ಲೇ ಇರುತ್ತದೆ. ಅರ್ಜಿ ಹಾಕುವ ಮೊದಲೇ ಇದನ್ನೆಲ್ಲ ಮೇಜಿನ ಮೇಲೆ ಹರಡಿ ನೋಡುವ ಅಭ್ಯಾಸ ಇದ್ದವರು ಈ ಕೆಲಸದಲ್ಲಿ ಗೆಲ್ಲುತ್ತಾರೆ. ಆಡಿಟರ್ ಆಫೀಸಿನ 6 ವರ್ಷ ನಿಮಗೆ ಕಲಿಸಿದ್ದು ಇದನ್ನೇ ಅಲ್ವಾ?

ಹಾಗೇ ಸಿಬಿಲ್, ಅಂದರೆ ಹಿಂದಿನ ಸಾಲಗಳನ್ನು ಹೇಗೆ ಕಟ್ಟಿದ್ದಾರೆ ಎಂಬ ವರದಿ. ಇದನ್ನು ಕೊನೆಗೆ ನೋಡುವವರು ಜಾಸ್ತಿ, ನೀವು ಮೊದಲೇ ನೋಡಿ. ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತವಾಗಿ ಸಿಗುತ್ತದೆ. ಮಗ ಅಪ್ಪನ ಹೆಸರಲ್ಲಿ ಫೋನ್ ಕಂತಿಗೆ ತೆಗೆದು ಎರಡು ತಿಂಗಳು ಬಿಟ್ಟಿರುತ್ತಾನೆ, ಭಾವನ ಬೈಕಿಗೆ ಜಾಮೀನು ಹಾಕಿದ್ದು ಮರೆತೇ ಹೋಗಿರುತ್ತದೆ. ಮ್ಯಾನೇಜರ್ ಎದುರು ಅದು ಗೊತ್ತಾಗುವುದಕ್ಕಿಂತ ಅವರ ಮನೆ ಚಾವಡಿಯಲ್ಲಿ ಗೊತ್ತಾದರೆ ಮಾನ ಉಳಿಯುತ್ತದೆ.

ಬ್ಯಾಂಕಿನವರ ಬಗ್ಗೆ ಎರಡು ಮಾತು, ನಾನೂ ಆ ಜಾತಿಯವನೇ. ಕಿರು ಮತ್ತು ಸಣ್ಣ ಉದ್ದಿಮೆಗೆ ಒಂದು ಮಿತಿಯ ತನಕದ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಆದರೂ 'ಪಹಣಿ ಒಂದು ಇರಲಿ' ಅನ್ನುವ ಮ್ಯಾನೇಜರ್ ಸಿಗುತ್ತಾರೆ. ಜಗಳ ಆಡಬೇಡಿ. ನಿಯಮದ ಪ್ರತಿ ಫೈಲಿನಲ್ಲಿ ಇಟ್ಟುಕೊಳ್ಳಿ, ಮೆಲ್ಲಗೆ ತೋರಿಸಿ. ಅವರು ಹೆದರುವುದು ನಿಮ್ಮ ರೈತರಿಗಲ್ಲ, ಸಾಲ ಕೆಟ್ಟರೆ ತಮ್ಮ ಮೇಲೆ ಬರುವ ಮೆಮೊಗೆ. ಹಾಗಾಗಿ ಅವರ ಹೆದರಿಕೆಗೆ ಉತ್ತರ ಇರುವ ಫೈಲ್ ಕೊಡಿ: ಯಾರಿಗೆ ಮಾರುತ್ತಾರೆ, ಆರು ತಿಂಗಳ ಮಾರಾಟದ ಲೆಕ್ಕ, ಮಳೆಗಾಲದಲ್ಲಿ ಕಂತಿಗೆ ದುಡ್ಡು ಎಲ್ಲಿಂದ. ವರ್ಷದ ಲೆಕ್ಕ ಮುಗಿಸುವ ಮಾರ್ಚ್ ತಿಂಗಳಲ್ಲಿ ಅವರ ಮುಖ ನೋಡಲು ಹೋಗಲೇಬೇಡಿ.

ಮನೆ ಮನೆಗೆ ಹೋಗಿ ದುಡ್ಡಿನ ಕೆಲಸ ಮಾಡುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಉಡುಪಿಯಲ್ಲಿ ಹುಟ್ಟಿ ಆಮೇಲೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ಏಜೆಂಟರು ದಿನಾ ಮನೆ ಬಾಗಿಲಿಗೆ ಹೋಗಿ ಎರಡಾಣೆ ತರುತ್ತಿದ್ದರು. ನಾನು ಬ್ಯಾಂಕಿಗೆ ಸೇರಿದ ಹೊಸತರಲ್ಲಿ ನಮ್ಮ ಮ್ಯಾನೇಜರ್ ಯಾರದ್ದಾದರೂ ಸಾಲದ ಅರ್ಜಿ ಬಂದರೆ ಮೊದಲು ಪಿಗ್ಮಿ ಏಜೆಂಟರನ್ನು ಕರೆದು ಕೇಳುತ್ತಿದ್ದರು. ಯಾರ ಮನೆಯಲ್ಲಿ ದುಡ್ಡು ಯಾವ ತಿಂಗಳು ಓಡಾಡುತ್ತದೆ ಎಂದು ಅವರಿಗೆ ಗೊತ್ತಿದ್ದಷ್ಟು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಕೃಷಿ ಓದಿಲ್ಲ ಅಂತ ಕೊರಗಬೇಡಿ. ಹಪ್ಪಳ, ಎಣ್ಣೆ, ಪುನರ್ಪುಳಿ ಶರಬತ್ತಿಗೆ ಬೇಕಾದದ್ದು ಲೆಕ್ಕ, ಲೇಬಲ್, ಲೈಸನ್ಸು. ಆದರೆ ಒಂದಂತೂ ಆಗುತ್ತದೆ: ಹೋದ ಮನೆಯಲ್ಲೆಲ್ಲ 'ಮೇಡಂ, ಅಡಿಕೆಗೆ ಎಲೆಚುಕ್ಕಿ ಬಂದಿದೆ, ಎಂತ ಬಿಡುವುದು?' ಎಂದು ಕೇಳುತ್ತಾರೆ. ಅಂದಾಜಿನಲ್ಲಿ ಮದ್ದು ಹೇಳಬೇಡಿ. 'ಗೊತ್ತಿಲ್ಲ, ಕೇಳಿ ಹೇಳುತ್ತೇನೆ' ಅನ್ನಿ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ನಿಮ್ಮ ಮನೆಯ ಹತ್ತಿರವೇ ಇದೆ, ಮಂಗಳೂರಿನವರಿಗೆ ಕಂಕನಾಡಿಯಲ್ಲಿದೆ. ಎಲೆ ಒಂದು ಕೊಟ್ಟೆಯಲ್ಲಿ ಹಾಕಿ ಕೊಂಡುಹೋಗಿ ತೋರಿಸಿ, ಅವರು ಹೇಳಿದ್ದನ್ನು ಮರುದಿನವೇ ಫೋನ್ ಮಾಡಿ ತಿಳಿಸಿ. ಆ ಮರುದಿನದ ಫೋನ್ ಮಾಡುವವರು ಬಹಳ ಕಡಿಮೆ.

ಭಾಷೆಯೂ ಅಷ್ಟೇ. ಬ್ರಹ್ಮಾವರ ದಾಟಿ ಉತ್ತರಕ್ಕೆ ಹೋದರೆ ನಿಮ್ಮ ಕುಂದಾಪ್ರ ಕನ್ನಡವೇ ನಿಮ್ಮ ಬಂಡವಾಳ. ಬೈಂದೂರು ಕಡೆಯ ಹಳ್ಳಿಯಲ್ಲಿ ಪುಸ್ತಕದ ಕನ್ನಡ ಮಾತಾಡುವವರಿಗಿಂತ 'ಹ್ವಾಯ್' ಅನ್ನುವವರಿಗೆ ಬೇಗ ಚಾ ಸಿಗುತ್ತದೆ. ದಕ್ಷಿಣಕ್ಕೆ ಅರ್ಧಂಬರ್ಧ ತುಳು ಸಾಕು, ತಪ್ಪಿದರೆ ಅವರೇ ನಕ್ಕು ತಿದ್ದುತ್ತಾರೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸೇರಿದ ತಿಂಗಳೊಳಗೆ ಮಿಷನ್ ಮಾರುವವರೊಬ್ಬರು ನಿಮಗೆ ಫೋನ್ ಮಾಡುತ್ತಾರೆ. 'ನಮ್ಮ ಕೊಟೇಶನ್ ಹಾಕಿಸಿ ಮೇಡಂ, ನಿಮ್ಮದನ್ನು ನೋಡಿಕೊಳ್ಳುತ್ತೇವೆ' ಎನ್ನುತ್ತಾರೆ. ಬೆಲೆ ಏರಿಸಿ ಬಿಲ್ ಮಾಡಿ, ಗಿರಾಕಿ ಕೈಯಿಂದ ಹಾಕಬೇಕಾದ ಶೇ. 10 ಕೂಡ ಅದರಲ್ಲೇ ತೂರಿಸುವ ದಾರಿ ಹೇಳಿಕೊಡುತ್ತಾರೆ. ಗಿರಾಕಿಗೂ ಖುಷಿ, ನಿಮಗೂ ಖುಷಿ. ಆಮೇಲೆ 4 ಲಕ್ಷದ ಮಿಷನ್ನಿಗೆ 6 ಲಕ್ಷದ ಸಾಲ ಕಟ್ಟುತ್ತಾ ಆ ಮನೆ ಐದು ವರ್ಷ ಬಾಗಿರುತ್ತದೆ. ಮೂರು ಕಡೆಯ ಕೊಟೇಶನ್ ತರಿಸಿ, ಗಿರಾಕಿಯನ್ನೇ ಕರೆದುಕೊಂಡು ಹೋಗಿ ಓಡುತ್ತಿರುವ ಮಿಷನ್ ತೋರಿಸಿ. ಅರ್ಜಿದಾರರಿಂದಲೂ ಒಂದು ರೂಪಾಯಿ ಬೇಡ. ನಿಮ್ಮ ಫೀಸು ಯೋಜನೆಯೇ ಕೊಡುತ್ತದೆ. ಉದ್ಯಮ್ ನೋಂದಣಿ ಸರಕಾರದ ಕಡೆಯಿಂದ ಪೂರ್ತಿ ಉಚಿತ. ಅದಕ್ಕೂ ಸಾವಿರ, ಎರಡು ಸಾವಿರ ಕೊಟ್ಟು ಬಂದವರು ನಿಮಗೆ ಸಿಗುತ್ತಾರೆ. ನೀವು ಹತ್ತು ನಿಮಿಷದಲ್ಲಿ ಮಾಡಿಕೊಟ್ಟರೆ ಅವರು ಬೇರೆ ನಾಲ್ಕು ಜನರಿಗೆ ನಿಮ್ಮ ನಂಬರ್ ಕೊಡುತ್ತಾರೆ.

ಬೇರೆ ದಾರಿಗಳನ್ನೂ ನೋಡಿ. ರೈತರೇ ಸೇರಿ ಕಟ್ಟಿದ ರೈತ ಉತ್ಪಾದಕ ಕಂಪನಿಗಳಿಗೆ (ಎಫ್‌ಪಿಒ) ಸಿಇಒ ಬೇಕು ಎಂಬ ಕರೆ ಆಗಾಗ ಬರುತ್ತದೆ. 2020ರಲ್ಲಿ ಬಂದ 10 ಸಾವಿರ ಎಫ್‌ಪಿಒ ಯೋಜನೆಯಲ್ಲಿ ಒಂದೊಂದು ಕಂಪನಿಗೆ ಮೂರು ವರ್ಷಕ್ಕೆ 18 ಲಕ್ಷದ ತನಕ ನಿರ್ವಹಣಾ ನೆರವು ಇತ್ತು, ಸಿಇಒಗೆ ತಿಂಗಳಿಗೆ 25 ಸಾವಿರದ ತನಕ ಅದರಿಂದಲೇ. ಸಂಬಳ ಅಂತ ಒಂದು ಇರುವುದು ಒಳ್ಳೆಯದೇ. ಆದರೆ ಸೇರುವ ಮೊದಲು ಕಂಪನಿಗೆ ಎಷ್ಟು ವರ್ಷ ಆಯಿತು ಕೇಳಿ. ಮೂರು ವರ್ಷ ಮುಗಿದಿದ್ದರೆ ನಿಮ್ಮ ಸಂಬಳ ಅವರ ವ್ಯಾಪಾರದಿಂದ ಬರಬೇಕು. ತೆಂಗಿನಕಾಯಿ, ಗೊಬ್ಬರದ ವ್ಯಾಪಾರದಲ್ಲಿ ನೂರಕ್ಕೆ ಎರಡು ಉಳಿಯುತ್ತದೆ ಅಂತ ಇಟ್ಟುಕೊಂಡರೆ ನಿಮ್ಮ ವರ್ಷದ 3 ಲಕ್ಷಕ್ಕೇ ಒಂದೂವರೆ ಕೋಟಿ ವಹಿವಾಟು ಬೇಕು. ಬ್ಯಾಲೆನ್ಸ್ ಶೀಟ್ ಓದಲು ನಿಮಗೆ ಯಾರೂ ಕಲಿಸಬೇಕಾಗಿಲ್ಲ, ತರಿಸಿ ಓದಿ. ಊರಿನ ಸೊಸೈಟಿಯಲ್ಲಿ ಕ್ಲರ್ಕ್ ಹುದ್ದೆ ಕರೆದರೆ ಅರ್ಜಿ ಹಾಕಿ. ನಿಧಾನದ ಕೆಲಸ, ಆದರೆ ರೈತರ ದುಡ್ಡು ಹೇಗೆ ತಿರುಗುತ್ತದೆ ಎಂದು ಕಲಿಯಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಸಂಜೀವಿನಿ, ಅಂದರೆ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಕೆಲಸಗಳಲ್ಲಿ ಗೌರವಧನ ಕಡಿಮೆ, ಮನೆ ಖರ್ಚಿಗೆ ಅದನ್ನೇ ನಂಬಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಇವತ್ತೇ ರಾಜೀನಾಮೆ ಕೊಡುತ್ತಿರಲಿಲ್ಲ. ನಿಮ್ಮ ಆಡಿಟರ್ ಹತ್ತಿರ ಮಾತಾಡಿ, ವಾರಕ್ಕೆ ಮೂರು ದಿನ, ಸಂಬಳ ಅರ್ಧ, ಎಂದು ಕೇಳಿ ನೋಡಿ. ಆಗಸ್ಟ್-ಸೆಪ್ಟೆಂಬರಿನಲ್ಲಿ ರಿಟರ್ನ್ ಗಡಿಬಿಡಿಗೆ ಪೂರ್ತಿ ಬರುತ್ತೇನೆ ಅಂದರೆ ಅವರೂ ಒಪ್ಪಬಹುದು. ಸಂಪನ್ಮೂಲ ವ್ಯಕ್ತಿಯ ಕೆಲಸಕ್ಕೆ ದಿನಾ ಹಾಜರಿ ಇಲ್ಲ. ಒಪ್ಪದಿದ್ದರೆ ಆರು ತಿಂಗಳ ಮನೆ ಖರ್ಚು ಬದಿಗೆ ಇಟ್ಟ ಮೇಲೆ ಮಾತ್ರ ಬಿಡಿ. ಹಾಗೂ ಮೊದಲ ಎರಡು ಕೇಸನ್ನು ಭಾನುವಾರಗಳಲ್ಲಿ ಓಡಾಡಿ ಅರ್ಜಿಯ ಹಂತದ ತನಕ ತಂದು ನೋಡಿ. ಬೇಸರ ಬಂತಾ, ಇನ್ನೊಂದು ಮನೆಗೆ ಹೋಗೋಣ ಅನ್ನಿಸಿತಾ ಎಂದು ನಿಮಗೇ ತಿಳಿಯುತ್ತದೆ.

ಮತ್ತೆ ಮಾವನವರು. ಮೊದಲ ಮನೆಗೆ ಹೋಗುವಾಗ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ. ಆ ಕಡೆಯ ಯಾವ ಗದ್ದೆ ಯಾರಿಗೆ ಭೂಸುಧಾರಣೆಯ ಡಿಕ್ಲರೇಶನ್‌ನಲ್ಲಿ ಬಂತು, ಯಾರ ಪಾಲು ಇನ್ನೂ ಆಗಿಲ್ಲ, ಯಾವ ಅಣ್ಣತಮ್ಮಂದಿರಿಗೆ ಮಾತಿಲ್ಲ ಎಂಬುದು ಅವರ ತಲೆಯಲ್ಲಿರುತ್ತದೆ. ತಾಲೂಕು ಆಫೀಸಿನಲ್ಲಿ ಎರಡು ವಾರ ಅಲೆದರೂ ಸಿಗದ ಮಾಹಿತಿ ಅದು. ಚಾವಡಿಯಲ್ಲಿ ಅವರು ಮಾತಾಡುತ್ತಾ ಇರಲಿ. ನೀವು ಮೀಟರ್ ನೋಡಿಕೊಂಡು ಬನ್ನಿ.